ಶ್ರೀರಂಗಪಟ್ಟಣದಲ್ಲಿ ಸ್ವಿಸ್ ಗೋರಿಗಳು

ಬಂಟ್ವಾಳದಿಂದ ಹೊರಟು ಸುಳ್ಯ, ಸಂಪಾಜೆ, ಮಡಿಕೇರಿ ದಾಟುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರಿನಾಚೆ ಶ್ರೀರಂಗಪಟ್ಟಣವನ್ನು ಹಾದು ಬೆಂಗಳೂರಿಗೆ ಹೋಗುತ್ತದೆ. ಮಂಗಳೂರು ಕಡೆಯ ಶಾಲಾ ಪ್ರವಾಸದ ಬಸ್ಸುಗಳಿಗೆ ಈ ದಾರಿ ಬಾಯಿಪಾಠ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ. ಅಷ್ಟರಲ್ಲಿ ಬೃಂದಾವನದ ಕಾರಂಜಿಗೆ ಹೊತ್ತಾಯಿತೆಂದು ಮಾಷ್ಟ್ರ ಅವಸರ. ಹಳೆಯ ಬೆಂಗಳೂರು–ಮೈಸೂರು ರಸ್ತೆಯಿಂದ 300 ಮೀಟರಿನಷ್ಟು ಒಳಗೆ, ಕಾವೇರಿಯ ದಂಡೆಯಲ್ಲಿರುವ ಗ್ಯಾರಿಸನ್ ಸ್ಮಶಾನ ಆ ಪಟ್ಟಿಯಲ್ಲಿ ಇರುವುದಿಲ್ಲ.

ಇಟ್ಟಿಗೆ ಗಾರೆಯಲ್ಲಿ ಕಟ್ಟಿದ 300ಕ್ಕೂ ಹೆಚ್ಚು ಗೋರಿಗಳು ಅಲ್ಲಿವೆ. ಕೆಲವು ಮೊನಚು ಗೋಪುರದಂತೆ ಎತ್ತರಕ್ಕೆ ಏರಿವೆ, ಕೆಲವು ಮೇಜಿನ ಹಾಗೆ ತಗ್ಗಾಗಿ ಮಲಗಿವೆ. ಊರವರ ಬಾಯಲ್ಲಿ ಅದು ಬ್ರಿಟಿಷರ ಸ್ಮಶಾನ. 1799ರ ಮೇ 4ರಂದು ಕೋಟೆಗೆ ನುಗ್ಗಿ ಸತ್ತ ಇಂಗ್ಲಿಷ್ ಅಧಿಕಾರಿಗಳನ್ನು ಹೂತ ಜಾಗ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಈ ಮಾತಿನ ಎರಡು ತುದಿಯೂ ಸಡಿಲ. ಸತ್ತವರೆಲ್ಲ ಬ್ರಿಟಿಷರಲ್ಲ, ಎಲ್ಲರೂ ಯುದ್ಧದಲ್ಲಿ ಸತ್ತವರೂ ಅಲ್ಲ. ಸುಮಾರು 80 ಸಮಾಧಿಗಳು ಡಿ ಮ್ಯೂರಾನ್ ಎಂಬ ಸ್ವಿಸ್ ರೆಜಿಮೆಂಟಿನ ಅಧಿಕಾರಿಗಳವು ಎಂಬ ಲೆಕ್ಕವಿದೆ. ಆಲ್ಪ್ಸ್ ತಪ್ಪಲಿನ ಜನ ಮಂಡ್ಯ ಜಿಲ್ಲೆಯ ಮಣ್ಣಿಗೆ ಬಂದದ್ದು ಹೇಗೆ ಎನ್ನುವುದು ಒಬ್ಬರಿಗೇ, ಒಂದೇ ದಿನ ಗೊತ್ತಾದದ್ದಲ್ಲ. ಸ್ಕಾಟ್‌ಲ್ಯಾಂಡಿನ ಒಂದು ಮನೆಯ ಕಾಗದಪತ್ರ, ಸ್ವಿಟ್ಜರ್‌ಲ್ಯಾಂಡಿನ ಒಂದು ಮನೆತನದ ಪುಸ್ತಕ, ಕಾವೇರಿ ದಂಡೆಯ ಕಲ್ಲು, ಇವು ಮೂರೂ ಒಂದರ ಪಕ್ಕ ಒಂದು ಬಂದಾಗ ಮಾತ್ರ ಕತೆ ಪೂರ್ತಿಯಾಯಿತು.

ಮೊದಲು ಸ್ಕಾಟ್‌ಲ್ಯಾಂಡಿನ ಕಾಗದ. ಹ್ಯೂ ಕ್ಲೆಗ್‌ಹಾರ್ನ್ ಎಂಬಾತ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರೊಫೆಸರ್. ಪಾಠ ಮಾಡುವುದಕ್ಕಿಂತ ಯುರೋಪು ಸುತ್ತುವುದರಲ್ಲಿ ಹೆಚ್ಚು ಆಸಕ್ತಿ ಇದ್ದವನು. 1795ರಲ್ಲಿ ಹಾಲೆಂಡ್ ಫ್ರೆಂಚರ ಕೈಸೇರಿದಾಗ, ಡಚ್ಚರ ಸಿಲೋನ್ ಕೂಡ ಅವರ ಪಾಲಾದೀತೆಂದು ಲಂಡನ್ನಿಗೆ ದಿಗಿಲು ಹತ್ತಿತು. ಕೊಲಂಬೊದ ಕಾವಲಿಗಿದ್ದದ್ದು ಡಚ್ ಕಂಪನಿ ಬಾಡಿಗೆಗೆ ಹಿಡಿದಿದ್ದ ಸ್ವಿಸ್ ರೆಜಿಮೆಂಟ್. 1781ರಲ್ಲಿ ಅದನ್ನು ಕಟ್ಟಿದ ಷಾರ್ಲ್ ಡೇನಿಯಲ್ ಡಿ ಮ್ಯೂರಾನ್ ಆಗ ತನ್ನೂರು ನ್ಯೂಷಾಟೆಲ್‌ನಲ್ಲಿದ್ದ. ಕೊಲಂಬೊದಲ್ಲಿ ದಂಡಿನ ಹೊಣೆ ತಮ್ಮ ಪಿಯೆರ್ ಫ್ರೆಡರಿಕ್‌ನ ಮೇಲಿತ್ತು. ಪ್ರೊಫೆಸರ್ ಸಾಹೇಬರು ನ್ಯೂಷಾಟೆಲ್‌ಗೆ ಹೋಗಿ, ಇಡೀ ರೆಜಿಮೆಂಟನ್ನೇ ಬ್ರಿಟಿಷರ ಸಂಬಳಕ್ಕೆ ವರ್ಗಾಯಿಸುವ ಕರಾರನ್ನು ಮಾರ್ಚ್ 30ರಂದು ಮಾಡಿಕೊಂಡರು. ಸಿಪಾಯಿಗಳಿಗೆ ಬಾಕಿ ಸಂಬಳ, ಡಿ ಮ್ಯೂರಾನ್‌ಗೆ ಮೇಜರ್ ಜನರಲ್ ಪದವಿ. ಬಂದೂಕು ಹಿಡಿದವರನ್ನು ಹೀಗೆ ಸಗಟು ವ್ಯಾಪಾರ ಮಾಡುವುದು ಆ ಕಾಲದಲ್ಲಿ ನಾಚಿಕೆಯ ವಿಷಯವೇನೂ ಆಗಿರಲಿಲ್ಲ.

ಕ್ಲೆಗ್‌ಹಾರ್ನ್ ಮತ್ತು ಷಾರ್ಲ್ ಡಿ ಮ್ಯೂರಾನ್ ಇಬ್ಬರೂ ವೆನಿಸ್, ಅಲೆಕ್ಸಾಂಡ್ರಿಯಾ, ಸೂಯೆಜ್, ಕೆಂಪು ಸಮುದ್ರದ ದಾರಿ ಹಿಡಿದು 1795ರ ಸೆಪ್ಟೆಂಬರಿನಲ್ಲಿ ಇಳಿದದ್ದು ನಮ್ಮ ಪಶ್ಚಿಮ ಕರಾವಳಿಯ ತಲಚೇರಿಯಲ್ಲಿ. ಕರಾರಿನ ಸುದ್ದಿ ಡಚ್ ಗವರ್ನರನ ಕಣ್ಣಿಗೆ ಬೀಳದೆ ಕೊಲಂಬೊ ಕೋಟೆಯೊಳಗಿನ ತಮ್ಮನನ್ನು ಮುಟ್ಟಬೇಕು. ಅದಕ್ಕೆ ಕಂಡುಕೊಂಡ ಉಪಾಯ ಒಂದು ಉಂಡೆ ಡಚ್ ಚೀಸ್. ಒಳಗೆ ಪತ್ರ ಹುದುಗಿಸಿ ಕಳಿಸಿದರು, ಅದು ತಲುಪಿತು. ಸ್ವಿಸ್ ಪಡೆ ಡಚ್ಚರ ಕೈಬಿಟ್ಟಿತು. 1796ರ ಫೆಬ್ರವರಿಯಲ್ಲಿ ಕೊಲಂಬೊ ಹೆಚ್ಚು ಹೋರಾಟವಿಲ್ಲದೆ ಬ್ರಿಟಿಷರ ಕೈಸೇರಿತು.

ಇಂಥ ಕತೆಯನ್ನು ಯಾರಾದರೂ ಜಗಲಿಯಲ್ಲಿ ಕೂತು ಹೇಳಿದರೆ ನಾವು ನಂಬುತ್ತಿರಲಿಲ್ಲ. ಆದರೆ ಕ್ಲೆಗ್‌ಹಾರ್ನ್ ದಿನಚರಿ ಬರೆಯುವ ಚಾಳಿಯವನು. ಅವನ ಕಾಗದಪತ್ರಗಳನ್ನು ವಿಲಿಯಂ ನೀಲ್ ಎಂಬ ಪಾದ್ರಿ ಸಂಪಾದಿಸಿ 1927ರಲ್ಲಿ ಪುಸ್ತಕವಾಗಿ ತಂದರು. ಶ್ರೀರಂಗಪಟ್ಟಣದ ಗೋರಿಗಳಿಗೂ ನ್ಯೂಷಾಟೆಲ್‌ಗೂ ನಡುವೆ ಕಾಣದೇ ಇದ್ದ ಕೊಂಡಿ ಆಗ ಅಚ್ಚಿಗೆ ಬಂತು. ಅದೇ ಮನೆಯ ಇನ್ನೊಬ್ಬ ಹ್ಯೂ ಕ್ಲೆಗ್‌ಹಾರ್ನ್, ಈ ಪ್ರೊಫೆಸರನ ಮೊಮ್ಮಗ, ನಮ್ಮವರಿಗೆ ಬೇರೆ ಕಾರಣಕ್ಕೆ ಗೊತ್ತಿರಬೇಕು. ಶಿವಮೊಗ್ಗದಲ್ಲಿ ಸರ್ಜನ್ ಆಗಿದ್ದು, ಆಮೇಲೆ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಗಳ ಮುಖ್ಯಸ್ಥನಾದವನು. ಕೆನರಾದ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿಸಿದವನು. ಅಜ್ಜ ಸಿಪಾಯಿಗಳನ್ನು ಖರೀದಿಸಿದ, ಮೊಮ್ಮಗ ಘಟ್ಟದ ಮರಗಳನ್ನು ಎಣಿಸಿದ.

ಇನ್ನು ರೆಜಿಮೆಂಟಿನ ಕಡೆ ಬರೋಣ. 1783ರಲ್ಲಿ ಕಡಲೂರಿನಲ್ಲಿ ಫ್ರೆಂಚರು ಬ್ರಿಟಿಷರನ್ನು ಎದುರಿಸಿದಾಗ, ಇದೇ ಡಿ ಮ್ಯೂರಾನ್ ಪಡೆಯ ತುಕಡಿಗಳು ಫ್ರೆಂಚರ ಜೊತೆಗಿದ್ದವು. ಆಗ ಅವರ ಮಿತ್ರ ಮೈಸೂರು. 16 ವರ್ಷ ಕಳೆದ ಮೇಲೆ ಅದೇ ರೆಜಿಮೆಂಟಿನ ಆಯ್ದ ಕಂಪನಿಗಳು ಕಾವೇರಿಯ ನೀರಿನಲ್ಲಿ ನಡೆದು, ಮೈಸೂರಿನ ರಾಜಧಾನಿಯ ಒಡೆದ ಗೋಡೆಯನ್ನು ಹತ್ತಿದವು. ಟಿಪ್ಪು ಸತ್ತ, ಕೋಟೆ ಬಿತ್ತು. ಲಗ್ಗೆ ಕೆಲವೇ ಗಂಟೆಗಳಲ್ಲಿ ಮುಗಿದರೂ ಸಾವು ಅಲ್ಲಿಗೆ ನಿಲ್ಲಲಿಲ್ಲ. ವಿಜಯಿಗಳ ಠಾಣ್ಯ ದ್ವೀಪದಲ್ಲೇ ಉಳಿಯಿತು. ಸುತ್ತ ನೀರು, ಸೊಳ್ಳೆ, ಜ್ವರ. ಊರಿನ ಹವೆಗೆ ಸೋತು ದಂಡನ್ನು 1809ರಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. ನಮ್ಮ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಆದ್ದರಿಂದ ಈ ಸ್ಮಶಾನವನ್ನು ವೀರಮರಣದ ಜಾಗವೆಂದು ನೋಡುವುದಕ್ಕಿಂತ, ಗೆದ್ದ ಮೇಲೆ ಆ ಊರಲ್ಲಿ ಬದುಕಲಾಗದವರ ಜಾಗವೆಂದು ನೋಡುವುದು ನಿಜಕ್ಕೆ ಹತ್ತಿರ. ಹೆಂಡಂದಿರು, ಮಕ್ಕಳು ಅಲ್ಲಿ ಮಲಗಿರುವುದು ಅದಕ್ಕೇ. ಉಳಿದ ಸ್ವಿಸ್ ಸಿಪಾಯಿಗಳು 1806ರಲ್ಲಿ ಹಡಗು ಹತ್ತಿ, ಮೆಡಿಟರೇನಿಯನ್ ಸುತ್ತಿ, 1813ರಲ್ಲಿ ಕೆನಡಾ ಮುಟ್ಟಿ, ಅಲ್ಲಿ ಅಮೆರಿಕನ್ನರ ಮೇಲೂ ಕಾದಾಡಿದರು. 1816ರಲ್ಲಿ ರೆಜಿಮೆಂಟೇ ವಿಸರ್ಜನೆಯಾಯಿತು.

ಒಂದು ಕಲ್ಲಿನ ಎದುರು ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಶ್ರೀರಂಗಪಟ್ಟಣದ ನದಿ ದಂಡೆಯಲ್ಲಿ ಸ್ಕಾಟ್ಸ್ ಬಂಗಲೆ ಎಂಬ ಹಳೆಯ ಮನೆಯಿದೆ. ಕರ್ನಲ್ ಸ್ಕಾಟ್ ಎಂಬಾತ ಕೆಲಸದಿಂದ ಮರಳುವಾಗ ಹೆಂಡತಿ ಮಕ್ಕಳೆಲ್ಲ ಕಾಲರಾಕ್ಕೆ ಬಲಿಯಾಗಿದ್ದರಂತೆ. ಅವನು ಆ ದುಃಖದಲ್ಲಿ ಕಾವೇರಿಗೆ ಇಳಿದನಂತೆ. ಮಹಾರಾಜರು ಮನೆಯನ್ನು ಹಾಗೇ, ಸಾಮಾನು ಸಮೇತ ಇರಿಸಿದರಂತೆ. ಒಳ್ಳೆಯ ಕತೆ. ಇಂಗ್ಲಿಷ್ ಪದ್ಯಕ್ಕೂ ವಸ್ತುವಾಗಿದೆ. ಆದರೆ ಗ್ಯಾರಿಸನ್ ಸ್ಮಶಾನದಲ್ಲಿ ಅವನ ಹೆಂಡತಿ ಕ್ಯಾರೊಲೈನ್ ಇಸಬೆಲ್ಲಾ ಸ್ಕಾಟ್‌ಳ ಸಮಾಧಿ ಇದೆ. ಅವಳು ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಕಾಲರಾದ ಕತೆ ಅಲ್ಲಿಗೇ ಕುಸಿಯಿತು. ಬಾಯಿಂದ ಬಾಯಿಗೆ ಬೆಳೆದದ್ದನ್ನು ಒಂದು ಕಲ್ಲು ತಿದ್ದಿತು. ಆದರೂ ಗೈಡುಗಳು ಕಾಲರಾದ ಕತೆಯನ್ನು ಬಿಟ್ಟಿಲ್ಲ. ಹೆರಿಗೆಯ ಸಾವಿಗೆ ಪ್ರವಾಸಿಗರಿಂದ ಟಿಪ್ಸ್ ಬರುವುದಿಲ್ಲವೋ ಏನೋ.

ಇಂಥ ಸ್ಮಶಾನಗಳಿಗೆ ಸ್ವಾತಂತ್ರ್ಯದ ನಂತರ ವಾರಸುದಾರರಿರಲಿಲ್ಲ. ಹತ್ತಿರದವರಿಗೆ ಅದು ಪರಂಗಿಯವರ ಹೆಣದ ಜಾಗ, ದೂರದವರಿಗೆ ನೆನಪಿಲ್ಲ. ಗಾರೆ ಬಿರಿದು ಅರಳಿ ಸಸಿ ಬೇರು ಬಿಡಲು ಹೆಚ್ಚು ವರ್ಷ ಬೇಕಾಗುವುದಿಲ್ಲ. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ ಎಂಬಾತ ಭಾರತದ ಯುರೋಪಿಯನ್ ಗೋರಿಗಳ ಬಗ್ಗೆ ಪುಸ್ತಕ ಬರೆದು, ದಕ್ಷಿಣ ಏಷ್ಯಾದ ಸ್ಮಶಾನಗಳಿಗಾಗಿ ಲಂಡನ್ನಿನಲ್ಲಿ ಒಂದು ಸಂಘವನ್ನೇ ಕಟ್ಟಿದ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಗೀ ಡಿ ಮ್ಯೂರಾನ್ 1982ರಲ್ಲಿ ತಮ್ಮ ಮನೆತನದ ರೆಜಿಮೆಂಟಿನ ಚರಿತ್ರೆಯನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ಹೆಸರು, ಪದವಿ, ಎಲ್ಲಿ ಯಾವ ಯುದ್ಧ ಎನ್ನುವ ವಿವರಗಳು ಒಂದೆಡೆ ಸೇರಿದ ಮೇಲೆ ಹುಡುಕುವುದು ಸುಲಭ. ಕೊನೆಗೆ ಡಿ ಮ್ಯೂರಾನ್ ವಂಶಸ್ಥರೇ ಶ್ರೀರಂಗಪಟ್ಟಣಕ್ಕೆ ಬಂದು, ದುಡ್ಡು ಹಾಕಿ, ಸ್ಮಶಾನವನ್ನು ದುರಸ್ತಿ ಮಾಡಿಸಿದರು. 2008ರ ಹೊತ್ತಿಗೆ ಅದು ಮತ್ತೆ ನೋಡುವಂತಾಯಿತು. ತಮ್ಮವರದಷ್ಟೇ ಅಲ್ಲ, ಪಕ್ಕದ ಬ್ರಿಟಿಷ್ ಗೋರಿಗಳೂ ಜೊತೆಗೆ ಉಳಿದವು.

ಈ ಊರಿನಲ್ಲಿ ಪತ್ತೆಯಾಗುವ ವಸ್ತುಗಳಿಗೆಲ್ಲ ಹೀಗೊಂದು ರೀತಿ ಇದೆ. ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರು ಪಡೆಗೆ ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ಬೇಲಿ 1782ರಲ್ಲಿ ಇಲ್ಲೇ ಸೆರೆಯಲ್ಲಿ ಸತ್ತ. ಗುಂಬಜಿನ ಹತ್ತಿರ ಅವನ ಸ್ಮಾರಕ ಎದ್ದದ್ದು 1816ರಲ್ಲಿ, ಲಖನೌದಲ್ಲಿ ರೆಸಿಡೆಂಟ್ ಆಗಿದ್ದ ಅವನ ಸಹೋದರನ ಮಗನಿಂದ. ಕೋಟೆಯೊಳಗಿನ ಒಂದು ನೆಲಮಾಳಿಗೆ ಸೆರೆಮನೆ 1895ರಲ್ಲಿ ಥಾಮಸ್ ಇನ್‌ಮನ್ ಎಂಬಾತನಿಗೆ ಅಕಸ್ಮಾತ್ತಾಗಿ ಸಿಕ್ಕಿತು. ಈಗದು ಅವನ ಹೆಸರಿನಲ್ಲೇ ಇದೆ. ಯಾರ ಕೈಯಲ್ಲಿ ಕಾಗದವಿದೆಯೋ, ಯಾರ ಮನೆತನಕ್ಕೆ ಹುಡುಕಲು ಬಿಡುವೂ ಬಲವೂ ಇದೆಯೋ, ಅವರ ಸತ್ತವರು ಪತ್ತೆಯಾಗುತ್ತಾರೆ.

ಮಂಗಳೂರಿನಲ್ಲಿ ಕೂತು ಇದನ್ನು ಬರೆಯುವಾಗ ಇನ್ನೊಂದು ಲೆಕ್ಕವನ್ನು ತೆಗೆಯದೆ ಇರಲಾಗುವುದಿಲ್ಲ. 1783ರ ಮೇಯಿಂದ ಟಿಪ್ಪು ನಮ್ಮ ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗಿದ್ದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಹಸಿವು, ರಕ್ತಪಿತ್ತಗಳ ನಡುವೆ ತಿಂಗಳುಗಟ್ಟಲೆ ತಡೆದು, 1784ರ ಜನವರಿ 30ರಂದು ಶರಣಾದ. ಮುಂಬೈ ತಲುಪಿ ಮಾರ್ಚಿನಲ್ಲಿ ತೀರಿಕೊಂಡ. ಮಂಗಳೂರಿನ ಆ ಕೋಟೆಯನ್ನು ಟಿಪ್ಪು ಕೆಡವಿಸಿದ. ಕ್ಯಾಂಪ್‌ಬೆಲ್‌ನ ಅಮೃತಶಿಲೆಯ ಸ್ಮಾರಕ ಮುಂಬೈಯ ಸೇಂಟ್ ಥಾಮಸ್ ಕೆಥೆಡ್ರಲ್ ಒಳಗೆ ಇವತ್ತಿಗೂ ಇದೆ. ಕೋಟೆ ಬಿದ್ದು ಒಂದು ತಿಂಗಳಾಗುವುದರೊಳಗೆ, ಫೆಬ್ರವರಿಯ ವಿಭೂತಿ ಬುಧವಾರ, ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟದಾಚೆಯ ಶ್ರೀರಂಗಪಟ್ಟಣಕ್ಕೆ ಅಟ್ಟಲಾಯಿತು. ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಹಿಡಿದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರ ಜಗಳ ಮುಗಿದಿಲ್ಲ, ಆದರೆ ಹತ್ತಾರು ಸಾವಿರ ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಚರ್ಚೂ ಆಗ ನೆಲಸಮವಾಯಿತು. ಆ ಕ್ರೈಸ್ತರ ಸೆರೆ 15 ವರ್ಷ ನಡೆಯಿತು. ಡಿ ಮ್ಯೂರಾನ್ ಸಿಪಾಯಿಗಳೂ ಸೇರಿ ಕೋಟೆ ಮುರಿದ ಅದೇ ಮೇ 4ರಂದು ಮುಗಿಯಿತು.

ದಾರಿಯಲ್ಲಿ, ಸೆರೆಯಲ್ಲಿ ಸತ್ತ ಆ ಮಂಗಳೂರಿಗರಿಗೆ ದ್ವೀಪದಲ್ಲಿ ಹೆಸರು ಕೆತ್ತಿದ ಕಲ್ಲಿಲ್ಲ. ಪ್ರತಿ ನವೆಂಬರ್ 2ರಂದು ನಮ್ಮ ಚರ್ಚುಗಳ ಸಿಮಿತ್ರಿಗಳಲ್ಲಿ ಸಮಾಧಿ ತೊಳೆದು ಸೇವಂತಿಗೆ, ಮೇಣದ ಬತ್ತಿ ಇಡುವ ಮನೆಗಳಲ್ಲಿ ಎಷ್ಟೋ ಮನೆಗಳ ಪೂರ್ವಜರು ಕಾವೇರಿಯ ಆ ದಡದಲ್ಲಿ ಮಣ್ಣಾದವರು. ಅಲ್ಲಿ ಅವರಿಗೆ ಸ್ಮಾರಕದ ಹಾಗೆ ತೋರಿಸಬಹುದಾದದ್ದು ಒಂದೇ, ದ್ವೀಪದ ಪೂರ್ವಕ್ಕೆ ಗಂಜಾಂನಲ್ಲಿರುವ ಪುಟ್ಟ ಚರ್ಚ್. ಕೋಟೆ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಆರ್ಥರ್ ವೆಲ್ಲೆಸ್ಲಿಯ ಸಲಹೆಯಂತೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ 1800ರ ಸುಮಾರಿಗೆ ಅದನ್ನು ಕಟ್ಟಿಸಿದರು. ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲು ಜನರನ್ನು ಒಪ್ಪಿಸಿದ ಪಾದ್ರಿ ಇವರೇ. ಸ್ಮಶಾನ ನೋಡಿದವರು ಗಂಜಾಂಗೂ ಹೋಗಿ ಬರಬೇಕು. ಎರಡನ್ನೂ ಒಂದೇ ದಿನ ನೋಡಿದರೆ ಮಾತ್ರ 1799 ಅರ್ಥವಾಗುತ್ತದೆ.

ಮರಳಿ ಬಂದವರ ಕತೆಗಾದರೆ ಕಾಗದ ಇದೆ. ಶ್ರೀರಂಗಪಟ್ಟಣದ ಇತ್ಯರ್ಥಕ್ಕೆ ನೇಮಿಸಿದ ಕಮಿಷನ್ನಿಗೆ ಕಾರ್ಯದರ್ಶಿಯಾಗಿದ್ದ ಥಾಮಸ್ ಮನ್ರೋ ಅಲ್ಲಿಂದ ನೇರವಾಗಿ 1799ರಲ್ಲೇ ಕೆನರಾದ ಮೊದಲ ಕಲೆಕ್ಟರನಾಗಿ ಬಂದ. ಸೆರೆಯಿಂದ ಹಿಂತಿರುಗಿದ ಕುಟುಂಬಗಳು ತಮ್ಮ ಗದ್ದೆ, ತೋಟ ಬೇರೆಯವರ ವಶದಲ್ಲಿರುವುದನ್ನು ಕಂಡು ಅವನ ಕಚೇರಿಯ ಮೆಟ್ಟಿಲು ಹತ್ತಿದವು. 1801ರಲ್ಲಿ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಮಂಗಳೂರಿಗೆ ಬಂದಾಗ ಈ ಮರುವಸತಿ ಇನ್ನೂ ನಡೆದೇ ಇತ್ತು. ನ್ಯೂಷಾಟೆಲ್‌ನ ವಂಶಸ್ಥರು ತಮ್ಮವರನ್ನು ಸಿಪಾಯಿಗಳ ಪಟ್ಟಿಯಿಂದ ಹುಡುಕಿದರು. ನಮ್ಮವರನ್ನು ಹುಡುಕಲು ಹೊರಡುವವರು ಭೂಮಿಯ ದಸ್ತಾವೇಜಿನಿಂದ ಶುರುಮಾಡಬೇಕು: ಯಾರ ಗದ್ದೆಗೆ ಯಾರು ಬೇಡಿಕೆ ಇಟ್ಟರು, ಯಾರ ಗದ್ದೆಗೆ ಯಾರೂ ಬರಲಿಲ್ಲ ಎಂಬಲ್ಲಿಂದ.