ಕಾರು ಇಳಿಸಿದ್ದು ತಪ್ಪಲ್ಲ, ಆದ್ರೆ…

ಸ್ಪೋರ್ಟ್ಸ್ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿ ನೆಲಕ್ಕೆ ಇಳಿಸೋ ಶೋಕಿ ಇಂಗ್ಲೆಂಡಿನಲ್ಲೂ ಇದೆ. ಆದ್ರೆ ಅಲ್ಲಿ ಕಾರಿಗೆ ಮೂರು ವರ್ಷ ತುಂಬಿದರೆ ಪ್ರತಿ ವರ್ಷ ‘ಎಂಒಟಿ’ ಪರೀಕ್ಷೆ ಕಡ್ಡಾಯ.

ಪರೀಕ್ಷಕ ‘ಯಾಕ್ರೀ ಇಳಿಸಿದ್ರಿ?’ ಅಂತ ಕೇಳೋದಿಲ್ಲ. ಕಾರನ್ನು ಮೇಲೆತ್ತುತ್ತಾನೆ. ಚಕ್ರ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಬಹುದು. ಕೆಳಗಿಳಿಸಿದಾಗ ಮತ್ತೆ ತನ್ನ ಜಾಗದಲ್ಲಿ ಕೂರದಿದ್ದರೆ ಫೇಲ್. ಟೈರು ಬಾಡಿಗೆ ಉಜ್ಜಿದರೂ ಫೇಲ್. ಹೆಡ್‌ಲೈಟ್ ನೋಡಿ: ಹಿಂಭಾಗ ಮಾತ್ರ ತಗ್ಗಿಸಿದರೆ ಮೂತಿ ಮೇಲೇಳುತ್ತೆ, ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ.

ಎಂಜಿನಿಯರಿಂಗ್ ಓದಿದ ನನಗೆ ಹೆಚ್ಚು ಭಯ ಟೈರಿಂದು. ಕಾರು ತಗ್ಗಿದಾಗ ಚಕ್ರದ ತಲೆ ಒಳಗೆ ವಾಲುತ್ತೆ. ಅಲೈನ್‌ಮೆಂಟ್ ಸರಿಮಾಡಿಸದಿದ್ದರೆ ಒಳ ಅಂಚು ಸವೆಯುತ್ತೆ. ಹೊರಗಿಂದ ಟೈರು ಹೊಸದೇ. ಒಳಗೆ ದಾರ ಕಾಣ್ತಿರುತ್ತೆ. ಹೆದ್ದಾರಿಯಲ್ಲಿ ಅದು ಸಿಡಿದರೆ?

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಗಿಯಾಗಿದೆ: ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಸರಿ. ಆದ್ರೆ ಸ್ವಂತ ಬಳಕೆಯ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷದವರೆಗೆ ಕಡ್ಡಾಯ ಫಿಟ್‌ನೆಸ್ ಪರೀಕ್ಷೆಯೇ ಇಲ್ಲ. ಆ ಒಳ ಅಂಚನ್ನು ಬಗ್ಗಿ ನೋಡೋರು ಯಾರು ಸ್ವಾಮಿ?