ಮಕ್ಕಳನ್ನೂ ಕರೆದೊಯ್ಯುವ ಕುಟುಂಬಕ್ಕೆ ಹಳೆಯ ಮೀನುಗಾರಿಕಾ ದೋಣಿ: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಕರಾವಳಿ ಗ್ರಾಮ ಪಂಚಾಯತ ಸದಸ್ಯರ ಮಾಹಿತಿಗಾಗಿ)

ತೆಂಗಿನಗುಂಡಿ, ಅಳ್ವೆಕೋಡಿ, ಕಾಸರಕೋಡ, ತದಡಿ ಮುಂತಾದ ಮೀನುಗಾರಿಕಾ ನೆಲೆಗಳಲ್ಲಿ ಬೇರೆಯವರ ದೋಣಿಯಲ್ಲಿ ದುಡಿಯುತ್ತಿರುವ ಅನೇಕರು ಸ್ವಂತ ದೋಣಿ ಹೊಂದಬೇಕೆಂದು ಬಯಸುತ್ತಾರೆ. ಹೊಸ ದೋಣಿಗೆ ಹಣ ಸಾಲದಿದ್ದಾಗ ಔಟ್‌ಬೋರ್ಡ್ ಎಂಜಿನ್ ಅಳವಡಿಸಿದ ಹಳೆಯ ಸಣ್ಣ ದೋಣಿಯೇ ಮೊದಲ ಮೆಟ್ಟಿಲಾಗುತ್ತದೆ. ದೋಣಿ ಮನೆಯದಾದ ಮೇಲೆ ರಜೆಯ ದಿನಗಳಲ್ಲಿ ಮಕ್ಕಳೂ ಅದನ್ನು ಏರುತ್ತಾರೆ. ಆದರೆ ಖರೀದಿಯ ಸಮಯದಲ್ಲಿ ಎಂಜಿನ್ನಿನ ಶಕ್ತಿ, ಬಲೆ ಹಿಡಿಸುವ ಜಾಗ ಮತ್ತು ಬೆಲೆಯನ್ನು ನೋಡುವಷ್ಟು ಗಮನವಿಟ್ಟು ಈ ವಿಷಯವನ್ನು ಯಾರೂ ಪರಿಶೀಲಿಸುವುದಿಲ್ಲ. ಮುಂಗಡ ಕೊಡುವ ಮೊದಲು ಸಲಹೆ ಕೇಳಿ ಬರುವ ಕುಟುಂಬಗಳಿಗೆ ಸದಸ್ಯರು ನೀಡಬಹುದಾದ ಮಾರ್ಗದರ್ಶನವನ್ನು ಇಲ್ಲಿ ವಿವರಿಸಲಾಗಿದೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿದಂತೆ 16 ಮಂದಿ ಮೃತಪಟ್ಟರು. ಅದು ಮಳೆಗಾಲವಾಗಿರಲಿಲ್ಲ, ರಾತ್ರಿಯೂ ಆಗಿರಲಿಲ್ಲ. ಮಿತಿ ಮೀರಿದ ಭಾರವಿದ್ದು ಮೈಮೇಲೆ ಜೀವರಕ್ಷಕ ಜಾಕೆಟ್ ಇಲ್ಲದಿದ್ದರೆ ಹಗಲಿನ ಸಮುದ್ರವೂ ಪ್ರಾಣ ತೆಗೆಯಬಲ್ಲದೆಂಬುದನ್ನು ಜಿಲ್ಲೆಯ ಜನರು ಅಂದು ಕಂಡಿದ್ದಾರೆ.

ಮರದ ದೋಣಿ ಮತ್ತು ಫೈಬರ್ ದೋಣಿ: ಮೂಲ ವ್ಯತ್ಯಾಸ

ಮರವು ನೀರಿಗಿಂತ ಹಗುರ. ಆದ್ದರಿಂದ ಎಂಜಿನ್ ಇಲ್ಲದ ಹಳೆಯ ಕಾಲದ ಮರದ ದೋಣಿ ನೀರು ತುಂಬಿ ಮಗುಚಿದರೂ ಬಹುಮಟ್ಟಿಗೆ ತೇಲುತ್ತಿತ್ತು. ಅದನ್ನು ಹಿಡಿದುಕೊಂಡವರು ಬದುಕುಳಿಯುತ್ತಿದ್ದರು. ಹಿರಿಯರು ಮಕ್ಕಳನ್ನು ಧೈರ್ಯದಿಂದ ಕರೆದೊಯ್ಯುತ್ತಿದ್ದುದಕ್ಕೆ ಇದೂ ಒಂದು ಕಾರಣ. ಫೈಬರ್ ನೀರಿಗಿಂತ ಭಾರ. ಒಳಗೆ ಗಾಳಿಯಿರುವವರೆಗೆ ಮಾತ್ರ ಫೈಬರ್ ದೋಣಿ ತೇಲುತ್ತದೆ. ನೀರು ತುಂಬಿದರೆ ಹಿಂಭಾಗದಲ್ಲಿರುವ ಸುಮಾರು 40 ಕಿಲೋ ತೂಕದ ಎಂಜಿನ್ ಅದನ್ನು ಕೆಳಕ್ಕೆ ಎಳೆಯುತ್ತದೆ. ಇದನ್ನು ತಡೆಯುವುದು ಮುಂಭಾಗದಲ್ಲಿ, ಆಸನದ ಹಲಗೆಗಳ ಕೆಳಗೆ ಮತ್ತು ಪಕ್ಕೆಗಳಲ್ಲಿ ಇರಬೇಕಾದ ಮುಚ್ಚಿದ ಗಾಳಿಯ ಕೋಣೆ ಅಥವಾ ಫೋಮ್ ಮಾತ್ರ. ಒಂದು ಲೀಟರ್ ಗಾತ್ರದ ಒಣ ಫೋಮ್ ನೀರಿನಲ್ಲಿ ಸುಮಾರು ಒಂದು ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ.

ಹಳೆಯ ದೋಣಿಗಳಲ್ಲಿ ಈ ಕೋಣೆಗಳನ್ನು ಕತ್ತರಿಸಿ ಸಾಮಾನು ಅಥವಾ ಮಂಜುಗಡ್ಡೆ ಇಡುವ ಜಾಗವಾಗಿ ಮಾರ್ಪಡಿಸಿರುವುದುಂಟು. ಬಿರುಕಿನ ಮೂಲಕ ನೀರು ಹೀರಿದ ಫೋಮ್ ತನ್ನ ಗುಣ ಕಳೆದುಕೊಂಡಿರುವುದೂ ಉಂಟು. ಹೊರನೋಟಕ್ಕೆ ಎರಡೂ ಕಾಣುವುದಿಲ್ಲ. ಆದ್ದರಿಂದ ಮಕ್ಕಳಿರುವ ಕುಟುಂಬ ಕೇಳಬೇಕಾದ ಮೊದಲ ಪ್ರಶ್ನೆ ದೋಣಿಯ ವೇಗದ್ದಲ್ಲ. ನೀರು ತುಂಬಿದ ಮೇಲೂ ಅದು ತೇಲುವುದೇ ಎಂಬುದಾಗಿದೆ.

ದಡದ ಮೇಲಿನ ಪರಿಶೀಲನೆ

ದೋಣಿಯನ್ನು ಹಗಲಿನಲ್ಲಿ, ಒಣಗಿದ ಸ್ಥಿತಿಯಲ್ಲಿ, ಬಲೆ ಮತ್ತು ಸಾಮಾನುಗಳನ್ನು ಇಳಿಸಿ ನೋಡಬೇಕು. ಮಾರಾಟಕ್ಕೆ ಮುನ್ನವಷ್ಟೇ ಬಳಿದ ಹೊಸ ಬಣ್ಣದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ತೇಪೆಗಳು ಅದರ ಅಡಿಯಲ್ಲಿ ಅಡಗಿರಬಹುದು.

1. ಸಣ್ಣ ಮರದ ಸುತ್ತಿಗೆಯಿಂದ ಬುಡ ಮತ್ತು ಪಕ್ಕೆಗಳನ್ನು ತಟ್ಟಬೇಕು. ಗಟ್ಟಿಯಾದ ಫೈಬರ್ ಸ್ಪಷ್ಟ ಧ್ವನಿ ಕೊಡುತ್ತದೆ. ಪದರ ಬಿಟ್ಟಿರುವ ಕಡೆ ಧ್ವನಿ ಮಂದವಾಗಿರುತ್ತದೆ.
2. ಎಂಜಿನ್ ಕಟ್ಟುವ ಹಿಂಬದಿ ಹಲಗೆಯ ಒಳಗಿನ ಮರ ಕೊಳೆತಿದೆಯೇ ನೋಡಬೇಕು. ಎಂಜಿನ್ನನ್ನು ಹಿಡಿದು ಹಿಂದೆ ಮುಂದೆ ಅಲುಗಾಡಿಸಿದಾಗ ಹಲಗೆ ಬಾಗಿದರೆ ಅಂತಹ ದೋಣಿಯನ್ನು ಬಿಟ್ಟುಬಿಡುವುದು ಲೇಸು.
3. ಮರದ ದೋಣಿಯಾದರೆ ಹಲಗೆಗಳ ಜೋಡಣೆ, ಮೊಳೆಗಳ ತುಕ್ಕು ಮತ್ತು ಹುಳು ಕೊರೆದ ರಂಧ್ರಗಳನ್ನು ಚೂಪಾದ ಉಪಕರಣದಿಂದ ಚುಚ್ಚಿ ನೋಡಬೇಕು.
4. ಒಳಗಿನ ಅಂಚುಗಳಲ್ಲಿ ಮುರಿದ ಫೈಬರ್, ಹೊರಚಾಚಿದ ಬೋಲ್ಟ್ ಮತ್ತು ಜಾರುವ ತಳ ಇವೆಯೇ ಗಮನಿಸಬೇಕು. ದೊಡ್ಡವರು ತಪ್ಪಿಸಿಕೊಂಡು ಓಡಾಡುವ ಇಂತಹ ಜಾಗಗಳಲ್ಲಿಯೇ ಮಕ್ಕಳಿಗೆ ಪೆಟ್ಟಾಗುತ್ತದೆ.
5. ತಳದ ಮೇಲೆ ಕುಳಿತ ಮಗುವಿನ ಎದೆಯ ಮಟ್ಟಕ್ಕಾದರೂ ಪಕ್ಕೆಯ ಅಂಚು ಬರಬೇಕು.

ನೀರಿನಲ್ಲಿನ ಪರಿಶೀಲನೆ

ದಡದಲ್ಲಿ ಒಪ್ಪಿಗೆಯಾದ ದೋಣಿಯನ್ನು ಅಳಿವೆಯ ಒಳಗಿನ ಶಾಂತ ನೀರಿನಲ್ಲಿ ಇಳಿಸಬೇಕು. ಬಲೆ, ಇಂಧನ ಮತ್ತು ಜನರ ಪೂರ್ಣ ಭಾರ ಹೇರಿದ ಮೇಲೂ ಪಕ್ಕೆಯ ಅಂಚು ನೀರಿನಿಂದ ಕನಿಷ್ಠ ಒಂದು ಮೊಳ ಮೇಲಿರುವುದು ಒಳ್ಳೆಯದು. ಬಳಿಕ ಇಬ್ಬರು ಅಥವಾ ಮೂವರು ವಯಸ್ಕರು ನಿಧಾನವಾಗಿ ಒಂದೇ ಪಕ್ಕಕ್ಕೆ ಸರಿಯಬೇಕು. ದೋಣಿ ಸ್ವಲ್ಪ ವಾಲಿ ನಿಂತರೆ ಸರಿ; ವಾಲುತ್ತಲೇ ಹೋಗಿ ಅಂಚು ನೀರಿಗೆ ತಾಗುವಂತಿದ್ದರೆ ಅದು ಮಕ್ಕಳಿಗೆ ತಕ್ಕುದಲ್ಲ. ಮೀನು ಕಂಡ ಕೂಡಲೇ ಮಕ್ಕಳೆಲ್ಲ ಒಂದೇ ಕಡೆ ಬಾಗುವುದು ಸಹಜ. ಕಿರಿದಾದ ದೋಣಿ ವೇಗವಾಗಿ ಹೋದರೂ ಅಗಲವಾದ ದೋಣಿಯೇ ಇಂತಹ ಕುಟುಂಬಕ್ಕೆ ಹೊಂದುತ್ತದೆ.

ಅತಿ ಮುಖ್ಯವಾದುದು ನೀರು ತುಂಬಿಸುವ ಪರೀಕ್ಷೆ. ಎಂಜಿನ್ ಕಳಚಿ, ಅದರ ತೂಕದಷ್ಟು ಮರಳಿನ ಚೀಲವನ್ನು ಹಿಂಬದಿ ಹಲಗೆಗೆ ಕಟ್ಟಿ, ಎದೆ ಮಟ್ಟದ ಶಾಂತ ನೀರಿನಲ್ಲಿ ದೋಣಿಗೆ ನೀರು ತುಂಬಿಸಬೇಕು. ಬುಡ ನೆಲಕ್ಕೆ ಕೂರದೆ, ಅಂಚು ಹಿಡಿದು ನೇತುಬಿದ್ದವರನ್ನೂ ತಾಳಿಕೊಳ್ಳುವಂತೆ ದೋಣಿ ತೇಲಿದರೆ ಗಾಳಿಯ ಕೋಣೆಗಳು ಸರಿಯಾಗಿವೆ ಎಂದರ್ಥ. ತೇಲದಿದ್ದರೆ ಹೊಸ ಫೋಮ್ ತುಂಬಿಸುವ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು. ಕೆಲಸ ಮುಗಿಯುವವರೆಗೆ ಮಕ್ಕಳನ್ನು ಹತ್ತಿಸಬಾರದು. ಈ ಪರೀಕ್ಷೆಗೆ ಮಾರಾಟಗಾರ ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಉತ್ತರವೆಂದು ತಿಳಿಯಬಹುದು.

ಎಂಜಿನ್

ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ದೋಷವನ್ನು ಮರೆಮಾಚುತ್ತದೆ. ತಂಪುಗೊಳಿಸುವ ನೀರು ಹೊರಬೀಳುವ ಧಾರೆ ಸತತವಾಗಿರಬೇಕು. ಅರ್ಧ ಗಂಟೆಯಾದರೂ ಓಡಿಸಿ, ನಿಲ್ಲಿಸಿ, ಮತ್ತೆ ಚಾಲನೆ ಮಾಡಬೇಕು. ಅಳಿವೆಯ ಅಲೆಗಳ ನಡುವೆ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚುವ ಸಂಭವ ಹೆಚ್ಚು. ಚಾಲಕನ ಕೈಗೆ ಕಟ್ಟುವ, ಆತ ಬಿದ್ದ ಕೂಡಲೇ ಎಂಜಿನ್ ನಿಲ್ಲಿಸುವ ಹಗ್ಗದ ಸ್ವಿಚ್ ಕೆಲಸ ಮಾಡುತ್ತಿರಬೇಕು. ಎಂಜಿನ್ ಕೈಕೊಟ್ಟಾಗಿನ ಬಳಕೆಗೆ ಹುಟ್ಟು, ಲಂಗರು ಮತ್ತು ನೀರು ಮೊಗೆಯುವ ಪಾತ್ರೆ ದೋಣಿಯಲ್ಲಿಯೇ ಇರಬೇಕು.

ದಾಖಲೆಗಳು

ನೋಂದಣಿ ಪ್ರಮಾಣಪತ್ರ, ಮೀನುಗಾರಿಕಾ ಪರವಾನಗಿ, ಎಂಜಿನ್ ಖರೀದಿ ರಶೀದಿ ಮತ್ತು ಸಾಲ ತೀರಿದ ಪತ್ರಗಳನ್ನು ಮೂಲ ಪ್ರತಿಯಲ್ಲಿಯೇ ನೋಡಬೇಕು. ದೋಣಿಯ ಮೇಲಿನ ನೋಂದಣಿ ಸಂಖ್ಯೆ ಮತ್ತು ಎಂಜಿನ್ನಿನ ಕ್ರಮಸಂಖ್ಯೆ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು. ಮಾಲೀಕತ್ವ ವರ್ಗಾವಣೆಯ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ, ಆ ಬಳಿಕವೇ ಪೂರ್ಣ ಹಣ ಪಾವತಿಸುವುದು ಸೂಕ್ತ. ಹಳೆಯ ಮಾಲೀಕನ ಹೆಸರಿನಲ್ಲಿಯೇ ಉಳಿದ ದೋಣಿಗೆ ಅಪಘಾತವಾದರೆ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ.

ಇನ್ನೊಂದು ಅಂಶವನ್ನು ಕುಟುಂಬಗಳಿಗೆ ಸ್ಪಷ್ಟವಾಗಿ ತಿಳಿಸುವುದು ಅಗತ್ಯ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಮರಣಕ್ಕೆ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದ್ದು, ಅದು 18ರಿಂದ 70 ವರ್ಷದ ಮೀನುಗಾರರಿಗೆ ಅನ್ವಯಿಸುತ್ತದೆ. ದೋಣಿಯಲ್ಲಿರುವ ಮಗು ಆ ವಿಮೆಯ ವ್ಯಾಪ್ತಿಯಲ್ಲಿಲ್ಲ.

ಮಗು ದೋಣಿ ಏರುವಾಗ

ಪ್ರತಿ ಮಗುವಿಗೂ ಅದರ ತೂಕಕ್ಕೆ ತಕ್ಕ ಜಾಕೆಟ್ ಬೇಕು. ದೊಡ್ಡವರ ಜಾಕೆಟ್ ನೀರಿನಲ್ಲಿ ಮಗುವಿನ ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ತೊಡಿಸಿದ ಮೇಲೆ ಭುಜದ ಬಳಿ ಹಿಡಿದೆತ್ತಿದಾಗ ಅದು ಗಲ್ಲವನ್ನು ದಾಟಿ ಮೇಲೇರಬಾರದು. ತೊಡೆಗಳ ನಡುವೆ ಹಾಯುವ ಪಟ್ಟಿ ಇರಬೇಕು. ಮಗುವಿನ ಸ್ಥಾನ ದೋಣಿಯ ಮಧ್ಯದಲ್ಲಿ, ತಗ್ಗಿನಲ್ಲಿ, ಎಂಜಿನ್ ಹಾಗೂ ಇಂಧನದ ಡಬ್ಬಿಗಳಿಂದ ದೂರವಿರಬೇಕು. ಬಲೆ ಬಿಡುವಾಗ ಹರಿಯುವ ಹಗ್ಗಕ್ಕೆ ಕಾಲು ಸಿಕ್ಕಿಕೊಳ್ಳುವ ಅಪಾಯವಿದೆ. ಆದ್ದರಿಂದ ಮಗು ಇರುವ ದಿನ ತಂಡೇಲನಲ್ಲದೆ, ಮಗುವನ್ನು ನೋಡಿಕೊಳ್ಳಲೆಂದೇ ಇನ್ನೊಬ್ಬ ವಯಸ್ಕರು ಇರಬೇಕು.

ಇಳಿತದ ನೀರು ಹೊರಗೆ ಹರಿಯುವಾಗ ಒಳಬರುವ ಅಲೆಗೆ ಎದುರಾಗಿ ಅಳಿವೆಯಲ್ಲಿ ಅಲೆ ಒಡೆಯುತ್ತದೆ. ಮಧ್ಯಾಹ್ನದ ನಂತರ ಪಡುಗಾಳಿಯೂ ಬಲಗೊಳ್ಳುತ್ತದೆ. ಮಕ್ಕಳಿದ್ದಾಗ ಒಳನೀರಿನಲ್ಲಿಯೇ ಇದ್ದು, ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಮರಳುವುದು ಉತ್ತಮ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿಯಿದೆ. ಅದು ಜೀವನೋಪಾಯಕ್ಕಾಗಿ ಕೊಟ್ಟ ವಿನಾಯಿತಿಯೇ ಹೊರತು ಸಮುದ್ರ ಸುರಕ್ಷಿತವೆಂಬ ಭರವಸೆಯಲ್ಲ. ಆ ತಿಂಗಳುಗಳಲ್ಲಿ ಯಾವ ದೋಣಿಯೂ ಮಕ್ಕಳಿಗೆ ತಕ್ಕುದಲ್ಲ.

ಮಗುವನ್ನು ಜೊತೆಗೆ ಕರೆದೊಯ್ಯುವುದು ಬೇರೆ, ದುಡಿಸುವುದು ಬೇರೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು ನಿಷೇಧಿಸಿದೆ. ಕುಟುಂಬಕ್ಕೆ ನೆರವಾಗುವ ವಿನಾಯಿತಿಯೂ ಶಾಲಾ ಸಮಯದ ಹೊರಗೆ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕೆಲಸಕ್ಕೆ ಮಾತ್ರ ಸೀಮಿತ.

ಗ್ರಾಮ ಪಂಚಾಯತ ಮಾಡಬಹುದಾದುದು

ಬೇಸಿಗೆ ರಜೆಗೆ ಮುನ್ನ ಈ ವಿಷಯವನ್ನು ಮಕ್ಕಳ ಗ್ರಾಮಸಭೆಯಲ್ಲಿ ಚರ್ಚೆಗೆ ತರಬಹುದು. ಮೇಲಿನ ಪರೀಕ್ಷೆಗಳ ಪಟ್ಟಿಯನ್ನು ಅರಿವು ಕೇಂದ್ರದಲ್ಲಿಯೂ ದೋಣಿ ನಿಲ್ಲುವ ಸ್ಥಳದಲ್ಲಿಯೂ ಅಂಟಿಸಬಹುದು. ಮಕ್ಕಳ ಅಳತೆಯ ಕೆಲವು ಜಾಕೆಟ್‌ಗಳನ್ನು ಎರವಲು ಕೊಡುವ ವ್ಯವಸ್ಥೆಗೆ ಸ್ಥಳೀಯ ಮೀನುಗಾರರ ಸಹಕಾರ ಸಂಘದೊಂದಿಗೆ ಮಾತನಾಡಬಹುದು. ಮಗು ಬೆಳೆದಂತೆ ಅಳತೆ ಬದಲಾಗುವುದರಿಂದ ಪ್ರತಿ ಮನೆಯೂ ಕೊಳ್ಳುವುದಕ್ಕಿಂತ ಇದು ಮಿತವ್ಯಯದ ದಾರಿ. ತುರ್ತು ಸಂಖ್ಯೆಗಳಾದ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಮತ್ತು 112ನ್ನು ಪ್ರತಿ ದೋಣಿಯ ಒಳಬದಿಯಲ್ಲಿ ಬರೆಯಿಸುವುದು ಸುಲಭದ ಕೆಲಸ.

ಹಳೆಯ ದೋಣಿ ಕೊಳ್ಳುವ ಕುಟುಂಬಕ್ಕೆ ಹಣದ ಇಕ್ಕಟ್ಟು ಇದ್ದೇ ಇರುತ್ತದೆ. ಎಲ್ಲವನ್ನೂ ಒಮ್ಮೆಲೇ ಹೊಂದಿಸಲಾಗದಿದ್ದರೆ ಎಂಜಿನ್ನಿನ ಶಕ್ತಿಯಲ್ಲಿ ಕಡಿಮೆ ಮಾಡಿಕೊಳ್ಳಲಿ, ದೋಣಿಯ ಉದ್ದದಲ್ಲಿ ಕಡಿಮೆ ಮಾಡಿಕೊಳ್ಳಲಿ. ತೇಲುವ ಗುಣ, ಪಕ್ಕೆಯ ಎತ್ತರ ಮತ್ತು ಮಗುವಿನ ಜಾಕೆಟ್ ಈ ಮೂರರಲ್ಲಿ ಮಾತ್ರ ಉಳಿತಾಯ ಮಾಡಬಾರದೆಂದು ಸದಸ್ಯರು ತಿಳಿಹೇಳುವುದು.