ನರಿತಾದಿಂದ ಶಿಂಕಾನ್‌ಸೆನ್‌ವರೆಗೆ: ಕೈಬಿಟ್ಟ ಒಂದು ಮಾರ್ಗದ ವಿಚಾರ

ವಿಮಾನದಿಂದಿಳಿದವನು ಸಾಮಾನುಸಹಿತ ಅತಿವೇಗದ ರೈಲನ್ನೇರುವ ಬಗೆಯು ಕೇವಲ ಸೌಕರ್ಯದ ಪ್ರಶ್ನೆಯೆಂದು ತೋರಬಹುದು. ಅದಕ್ಕೊಂದು ಇತಿಹಾಸವೂ ಇದೆಯೆಂಬುದಕ್ಕೆ ಜಪಾನಿನ ನರಿತಾ ನಿದರ್ಶನವಾಗಿದೆ.

1964ರಲ್ಲಿ ಟೋಕಿಯೋ-ಒಸಾಕಾ ನಡುವೆ ಶಿಂಕಾನ್‌ಸೆನ್ ರೈಲು ಆರಂಭವಾಯಿತು. ಟೋಕಿಯೋದಿಂದ ನರಿತಾ ವಿಮಾನ ನಿಲ್ದಾಣಕ್ಕೂ ಅಂತಹುದೇ ಮಾರ್ಗವನ್ನು ನಿರ್ಮಿಸುವ ಕಾರ್ಯವು 1974ರಲ್ಲಿ ಮೊದಲಾಯಿತು. ತಮ್ಮಲ್ಲಿ ನಿಲ್ಲದ ರೈಲಿನ ಸದ್ದನ್ನು ಮಾತ್ರ ತಾವು ಸಹಿಸಬೇಕೇಕೆಂದು ದಾರಿಯ ನಿವಾಸಿಗಳು ಪ್ರತಿಭಟಿಸಿದರು. 1983ರಲ್ಲಿ ಕಾಮಗಾರಿ ನಿಂತಿತು. ಅದಕ್ಕೆಂದು ನೆಲದಡಿಯಲ್ಲಿ ಕಟ್ಟಿದ್ದ ನಿಲ್ದಾಣಕ್ಕೆ 1991ರಿಂದ ಸಾಮಾನ್ಯ ವೇಗದ ರೈಲುಗಳು ಬರತೊಡಗಿದವು.

ಆದುದರಿಂದ ಪ್ರಯಾಣಿಕನು ಇಂದಿಗೂ ಟೋಕಿಯೋದಲ್ಲೋ ಶಿನಾಗಾವಾದಲ್ಲೋ ಗಂಟುಮೂಟೆಗಳೊಡನೆ ರೈಲು ಬದಲಿಸಬೇಕು. ಟೋಕಿಯೋದಲ್ಲಿ ನರಿತಾ ರೈಲಿನ ಪ್ಲಾಟ್‌ಫಾರಂ ಪಾತಾಳದಲ್ಲಿದ್ದರೆ, ಶಿಂಕಾನ್‌ಸೆನ್ನಿನದು ನೆಲದಿಂದ ಮೇಲಿದೆ. 2020ರಿಂದ ಟೋಕೈಡೋ ಮಾರ್ಗದಲ್ಲಿ, ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಸ್ಥಳವನ್ನು ಮುಂಗಡವಾಗಿ ಕಾದಿರಿಸಬೇಕು. 250 ಮೀರಿದುದನ್ನು ಒಯ್ಯುವಂತಿಲ್ಲ. ಅನೇಕರು ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿಯೇ, ಮನೆಬಾಗಿಲಿಗೆ ಮುಟ್ಟಿಸುವ ಸಾಗಣೆದಾರರಿಗೆ ಒಪ್ಪಿಸಿ ಬರಿಗೈಯಲ್ಲಿ ಹೊರಡುತ್ತಾರೆ.

ಪ್ಯಾರಿಸಿನಲ್ಲಾದರೋ 1994ರಲ್ಲಿಯೇ ಅತಿವೇಗದ ರೈಲು ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದೊಳಕ್ಕೇ ಬಂದಿತು. ಹಾಗೆಂದು ನರಿತಾದ ಕಥೆಯನ್ನು ಬರಿಯ ವೈಫಲ್ಯವೆನ್ನಲಾಗದು. ಪ್ರಯಾಣಿಕನು ಹತ್ತುವ ಮೆಟ್ಟಿಲುಗಳನ್ನು ಎಣಿಸುವವರು, ನಿವಾಸಿಯು ಉಳಿಸಿಕೊಂಡ ನೆಮ್ಮದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.